ಐವತ್ತು ಅಂಕದ ನಾಲಿಗೆ

ನನ್ನ ಮುಂದೆ ಒಂದು ಹಾಳೆ ಇದೆ. ಮೇಲ್ಗಡೆ ರುಚಿ ನೋಡುವವನ ಹೆಸರು, ಅವನ ದರ್ಜೆ. ಅದರ ಕೆಳಗೆ ಐದು ಮನೆ. ವಾಸನೆಗೆ 12 ಅಂಕ, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಕ್ಕುವ ಮಂದ-ತೆಳುವಿಗೆ 5, ಒಟ್ಟಾರೆ ಅನುಭವಕ್ಕೆ 10. ಕೂಡಿದರೆ 50. 45ರಿಂದ ಮೇಲಾದರೆ ಅಸಾಧಾರಣ, 38ರಿಂದ 44 ಆದರೆ ಅತ್ಯುತ್ತಮ, ಹೀಗೆ ಮೆಟ್ಟಿಲು ಮೆಟ್ಟಿಲು ಇಳಿದು 13ಕ್ಕೆ ಬಂದರೆ ಕೆಟ್ಟ ಮಾಲು. ಇದು ಬಿಯರಿನ ಅಂಕಪಟ್ಟಿ. ಅಮೆರಿಕದಲ್ಲಿ 1985ರಲ್ಲಿ ಶುರುವಾದ, ಬಿಜೆಸಿಪಿ ಅಂತ ಕರೆಯುವ ಸಂಸ್ಥೆಯದು. ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ಇಟ್ಟು, ಪಾಸಾದವರಿಗೆ ದರ್ಜೆ ಕೊಟ್ಟು ಕಳಿಸುವುದು ಅದರ ಕೆಲಸ. ಹಾಳೆಯ ಜೊತೆಗೊಂದು ದಪ್ಪ ಕೈಪಿಡಿಯೂ ಇದೆ, 2021ರಲ್ಲಿ ಪರಿಷ್ಕಾರವಾದದ್ದು. ಯಾವ ಜಾತಿಯ ಬಿಯರು ಯಾವ ಬಣ್ಣದಲ್ಲಿರಬೇಕು, ಏನು ಘಮಿಸಬೇಕು, ಏನು ಘಮಿಸಬಾರದು, ಎಲ್ಲಾ ಅದರಲ್ಲಿದೆ. ಜಾತಿ ಅನ್ನುವ ಪದ ನನ್ನದು. ಅವರು ಸ್ಟೈಲ್ ಅನ್ನುತ್ತಾರೆ. ಹಾಳೆ, ಕೈಪಿಡಿ ಎರಡನ್ನೂ ಸೇರಿಸಿ ಒಂದು ಕೃತಿ ಎಂದು ನಾನು ಓದಿದ್ದೇನೆ. ಯಾಕೆಂದರೆ ಇದೂ ಒಂದು ವಿಮರ್ಶಾಶಾಸ್ತ್ರವೇ. ಇದರಲ್ಲೂ ಶ್ರೇಷ್ಠ-ಕನಿಷ್ಠ ಇದೆ, ಸಹೃದಯನಿದ್ದಾನೆ, ದೋಷ-ಗುಣಗಳ ಪಟ್ಟಿಯಿದೆ, ಪರಂಪರೆ ಇದೆ.

ಈ ಪತ್ರಿಕೆಯಲ್ಲಿ ಬಿಯರಾ ಅಂತ ಹುಬ್ಬೇರಿಸುವ ಗೆಳೆಯರಿದ್ದಾರೆ. ಏರಿಸಲೇಬೇಕು. ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಕೂಗಿದ್ದು ನಮ್ಮ ಚಳವಳಿಯೇ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಯಾವ ಬೀದಿಯವರು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2007ರ ಜುಲೈ ಒಂದರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಆದರೆ ಕೇರಿಯ ಗಂಡಸಿನ ಕೂಲಿ ಮನೆಗೆ ಬರಲಿಲ್ಲ, ಬೇರೆ ಅಂಗಡಿಗೆ ಹೋಯಿತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದದ್ದು ಇದಕ್ಕೇ. ಆ ಹೆಂಗಸರ ಕಾಲಿನ ಬೊಬ್ಬೆಯನ್ನು ಮರೆತು ಬಿಯರಿನ ನೊರೆಯನ್ನು ಹೊಗಳುವಷ್ಟು ನಾನು ನೀಚನಲ್ಲ. ಕುಡಿತ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಾಗಿದೆ. ನನಗಿರುವ ಪ್ರಶ್ನೆ ಬೇರೆ. ಯಾರ ನಾಲಿಗೆ ನಾಲಿಗೆ? ಯಾರ ಮೂಗು ಮೂಗು? ಅಂಕ ಹಾಕುವ ಪೆನ್ನು ಯಾರ ಕೈಯಲ್ಲಿದೆ?

ಮೊದಲು ಈ ಬಿಯರಿನ ಕತೆ ನಾಲ್ಕು ಮಾತಿನಲ್ಲಿ. ದೊಡ್ಡ ಕಂಪನಿಗಳು ಲೋಕಕ್ಕೆಲ್ಲಾ ಒಂದೇ ಥರದ, ತೆಳ್ಳಗಿನ, ಹಳದಿ ನೀರಿನಂಥ ಬಿಯರು ಕುಡಿಸುತ್ತಿದ್ದ ಕಾಲದಲ್ಲಿ, ಅದು ಬೇಡ, ನಮ್ಮೂರಿನದು ನಮಗೆ ಬೇಕು ಎಂದು ಕೆಲವರು ಎದ್ದರು. ಇಂಗ್ಲೆಂಡಿನಲ್ಲಿ 1971ರಲ್ಲಿ ಕಾಮ್ರಾ ಎಂಬ ಚಳವಳಿ ಹುಟ್ಟಿತು. ಅಮೆರಿಕದಲ್ಲಿ ಆ ದಶಕದ ಕೊನೆಗೆ ಇಡೀ ದೇಶಕ್ಕೆ ನೂರು ಬ್ರೂವರಿಯೂ ಉಳಿದಿರಲಿಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಜನ ಮನೆಯಲ್ಲೇ ಬಿಯರು ಕಾಯಿಸಿಕೊಳ್ಳುವುದು ಅಪರಾಧವಲ್ಲ ಎಂದಾಯಿತು. ಅಲ್ಲಿಂದ ಬೆಳೆದದ್ದೇ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಪ್ರಮಾಣದಲ್ಲಿ, ಮಾಡುವವನ ಕೈಗುಣ ಕಾಣುವ ಹಾಗೆ ಮಾಡಿದ ಬಿಯರು. ಇಸವಿಗಳನ್ನು ಗಮನಿಸಿ. ನಮ್ಮ ಬೂಸಾ ಗಲಾಟೆ 1973, ಬಂಡಾಯ ಸಾಹಿತ್ಯ ಸಂಘಟನೆ 1979. ಅವರದೂ ಬಂಡಾಯವೇ, ಬಂಡವಾಳದ ವಿರುದ್ಧವೇ. ಆದರೆ ಆ ಬಂಡಾಯ ಬೇಗ ಒಂದು ಪಂಕ್ತಿಯಾಯಿತು.

ಪಂಕ್ತಿ ಹಾಕಿಸಿದ ಪುಸ್ತಕ 1977ರಲ್ಲಿ ಬಂತು. ಬರೆದವನು ಮೈಕೇಲ್ ಜಾಕ್ಸನ್. ಹಾಡುಗಾರ ಅಲ್ಲ, ಯಾರ್ಕ್‌ಷೈರಿನ ಕಡೆಯ ಪತ್ರಕರ್ತ. ಲೋಕದ ಬಿಯರುಗಳನ್ನು ಅವನು ಗುಂಪು ಗುಂಪಾಗಿ ವಿಂಗಡಿಸಿದ, ಒಂದೊಂದಕ್ಕೂ ಹೆಸರು, ಊರು, ಚರಿತ್ರೆ ಕೊಟ್ಟ. ಪ್ರೀತಿಯಿಂದಲೇ ಮಾಡಿದ. ಆವರೆಗೆ ವೈನಿಗೆ ಮಾತ್ರ ಇದ್ದ ಗಂಭೀರ ಗದ್ಯವನ್ನು ಕೂಲಿಕಾರರ ಪೇಯಕ್ಕೂ ತಂದದ್ದು ಸಣ್ಣ ಕೆಲಸವಲ್ಲ. ಆದರೆ ವಿಂಗಡಣೆ ಎಂಬುದು ಒಂದು ಸಲ ಶುರುವಾದರೆ ಅದಕ್ಕೆ ಕಾವಲುಗಾರರು ಹುಟ್ಟಿಕೊಳ್ಳುತ್ತಾರೆ. ವರ್ಣನೆಯಾಗಿದ್ದದ್ದು ನಿಯಮವಾಗುತ್ತದೆ. ನಮಗಿದು ಹೊಸ ಸುದ್ದಿಯೇನಲ್ಲ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಈ ಹಾಳೆಯಲ್ಲಿ ಕನ್ನಡದ ಪ್ರಶಸ್ತಿ ಸಮಿತಿಗಳು ಕಲಿಯಬೇಕಾದದ್ದು ಬಹಳ ಇದೆ. ತೀರ್ಪುಗಾರನಿಗೆ ಬಿಯರು ಯಾರದು ಅಂತ ಗೊತ್ತಾಗುವುದಿಲ್ಲ. ನಂಬರು ಹಾಕಿದ ಲೋಟ ಮುಂದೆ ಬರುತ್ತದೆ, ಅಷ್ಟೇ. ಮಾಡಿದವನ ಹೆಸರಿಲ್ಲ, ಊರಿಲ್ಲ, ಅಪ್ಪನ ಹೆಸರಿಲ್ಲ. ಮೊದಲು ಮೂಸಬೇಕು, ಬರೆಯಬೇಕು, ಆಮೇಲೆ ಕುಡಿಯಬೇಕು, ಬರೆಯಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬರೆದು ಎದ್ದು ಹೋಗುವ ಹಾಗಿಲ್ಲ. ಏನು ಸಿಕ್ಕಿತು, ಎಷ್ಟು ಸಿಕ್ಕಿತು, ಕೆಟ್ಟಿದ್ದರೆ ಯಾವ ಹಂತದಲ್ಲಿ ಕೆಟ್ಟಿರಬಹುದು, ಮುಂದಿನ ಸಲ ಏನು ಮಾಡಬೇಕು ಎಂದು ಮಾಡಿದವನಿಗೆ ತಿಳಿಸಬೇಕು. ಒಂದೇ ಮೇಜಿನ ಇಬ್ಬರ ಅಂಕಗಳ ನಡುವೆ ತೀರಾ ಅಂತರ ಬಂದರೆ ಕೂತು ಮಾತಾಡಿ ಹತ್ತಿರ ತರಬೇಕು. ನಮ್ಮಲ್ಲಿ ಒಂದು ಸಂಕಲನ ಸಮಿತಿಯ ಮುಂದೆ ಬಂದಾಗ ಪುಟ ತೆರೆಯುವ ಮೊದಲೇ ಹೆಸರಿನ ಕೊನೆ ನೋಡುವವರಿದ್ದಾರೆ, ಊರು ಕೇಳುವವರಿದ್ದಾರೆ, ಶಿಷ್ಯ ಯಾರಿಗೆ ಅಂತ ಕೇಳುವವರಿದ್ದಾರೆ. ಬಿಯರಿಗೆ ಸಿಗುವ ನ್ಯಾಯ ಕವಿತೆಗೆ ಸಿಕ್ಕಿದ್ದರೆ ಕನ್ನಡದ ಕಪಾಟುಗಳು ಬೇರೆ ಥರ ಇರುತ್ತಿದ್ದವು.

ಈಗ ಹಾಳೆಯ ಹೊಟ್ಟೆಯೊಳಗೆ ಕೈ ಹಾಕೋಣ.

ಬಿಯರು ಸವಿಯುವವರ ಕೈಯಲ್ಲಿ ಒಂದು ಚಕ್ರ ಇರುತ್ತದೆ. 1970ರ ದಶಕದಲ್ಲಿ ಮಾರ್ಟೆನ್ ಮೀಲ್‌ಗಾರ್ಡ್ ಎಂಬ ವಿಜ್ಞಾನಿ ಮುಂದಾಗಿ ರೂಪಿಸಿದ ರುಚಿಚಕ್ರ ಅದು. ಒಂದೊಂದು ವಾಸನೆಗೂ ಅದರಲ್ಲಿ ಒಂದು ಮನೆ, ಹೆಚ್ಚುಕಮ್ಮಿ ಒಂದೊಂದಕ್ಕೂ ಒಂದು ರಾಸಾಯನಿಕದ ಹೆಸರು. ಬಾಳೆಹಣ್ಣು, ಲವಂಗ, ಬೇಯಿಸಿದ ಮೆಕ್ಕೆಜೋಳ, ಹಳೇ ಗಿಣ್ಣು, ಬೆವರಿದ ಕಾಲುಚೀಲ, ಕುದುರೆ. ಹೌದು, ಕುದುರೆಯೇ. ಡಯಾಸಿಟೈಲ್ ಎಂಬ ಒಂದು ವಸ್ತು ಇದೆ. ಬೆಣ್ಣೆಯ ವಾಸನೆ ಕೊಡುತ್ತದೆ. ಬೆಣ್ಣೆ ಕಾಸುವ ಮನೆಯ ಮುಂದೆ ಹಾದುಹೋದರೆ ಬರುವ ಆ ಘಮ. ನಮ್ಮ ದೇಶದಲ್ಲಿ ದೇವರಿಗೂ ಯಜ್ಞಕ್ಕೂ ಪಾಯಸಕ್ಕೂ ಬೇಕಾದ ಘಮ. ಜರ್ಮನ್ ಲಾಗರಿನಲ್ಲಿ ಅದು ಸಿಕ್ಕರೆ ದೋಷ. ಅಂಕ ಕಡಿತ. ಇನ್ನೊಂದು ಕಡೆ ಬ್ರೆಟ್ಟನೊಮೈಸಿಸ್ ಎಂಬ ಕಾಡು ಯೀಸ್ಟ್ ಇದೆ. ಅದು ಹುದುಗಿದರೆ ಲಾಯದ ವಾಸನೆ, ಕುದುರೆಯ ಬೆನ್ನ ಮೇಲಿನ ಬೆವರುಗಂಬಳಿಯ ವಾಸನೆ. ಬೆಲ್ಜಿಯಮ್ಮಿನ ಲ್ಯಾಂಬಿಕ್ ಎಂಬ ಬಿಯರಿನಲ್ಲಿ ಅದು ಹದವಾಗಿ ಸಿಕ್ಕರೆ ಗುಣ. ಕಣ್ಣು ಮುಚ್ಚಿ ತಲೆದೂಗುತ್ತಾರೆ. ಅದೇ ವಾಸನೆ ಪಕ್ಕದ ಲೋಟದ ಪಿಲ್ಸ್‌ನರಿನಲ್ಲಿ ಬಂದರೆ ಮೂಗು ಮುಚ್ಚುತ್ತಾರೆ.

ತುಪ್ಪ ದೋಷ, ಲಾಯ ಗುಣ! ಇದನ್ನು ಓದಿದ ದಿನ ನಾನು ಒಬ್ಬನೇ ನಕ್ಕೆ. ಸಾವಿರಾರು ವರ್ಷ ನಮಗೆ ಹೇಳಿಕೊಂಡು ಬಂದದ್ದೇನು? ಸುವಾಸನೆ ದುರ್ವಾಸನೆ ಎಂಬುದು ಹುಟ್ಟಿನಿಂದ ಬಂದದ್ದು, ತುಪ್ಪ ತಿಂದವನ ಮೈಯಿಂದ ಒಂದು, ತೊಗಲು ಹದ ಮಾಡಿದವನ ಮೈಯಿಂದ ಇನ್ನೊಂದು, ಅದು ಪ್ರಕೃತಿ, ಬದಲಾಗದು. ಹೊಲಸು ಅಂದ ಬಾಯಿಗೆ ಹೊಲಗೇರಿ ಅನ್ನುವುದು ದೂರವಿರಲಿಲ್ಲ. ಇಲ್ಲಿ ನೋಡಿದರೆ ಒಂದೇ ಅಣು, ಒಂದೇ ಮೂಗು, ಒಂದೇ ಮಧ್ಯಾಹ್ನ. ಎರಡು ಲೋಟಕ್ಕೆ ಎರಡು ತೀರ್ಪು. ನಡುವೆ ಇರುವುದು ಬರೀ ಒಂದು ಕೈಪಿಡಿ. ಕೈಪಿಡಿ ಬರೆದದ್ದು ಮನುಷ್ಯರು. ಆರೇಳು ವರ್ಷಕ್ಕೊಮ್ಮೆ ಅವರೇ ಕೂತು ತಿದ್ದುತ್ತಾರೆ, 2015ರದ್ದನ್ನು 2021ರಲ್ಲಿ ತಿದ್ದಿದ ಹಾಗೆ. ನಮ್ಮ ಕೈಪಿಡಿಗಳನ್ನು ತಿದ್ದುವುದು ಇಷ್ಟು ಸುಲಭವಿದ್ದರೆ 1927ರಲ್ಲಿ ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಡಬೇಕಾಗುತ್ತಿರಲಿಲ್ಲ.

ಲ್ಯಾಂಬಿಕ್ ಮಾಡುವ ಬಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬ್ರಸೆಲ್ಸ್ ನಗರದಲ್ಲಿ ಕ್ಯಾಂಟಿಲಾನ್ ಎಂಬ ಬ್ರೂವರಿ ಇದೆ, 1900ರಿಂದ ನಡೆಯುತ್ತಿದೆ. ಅಲ್ಲಿ ಕುದಿಸಿದ ಧಾನ್ಯದ ರಸವನ್ನು ಅಟ್ಟದ ಮೇಲಿನ ಅಗಲವಾದ ತೆರೆದ ತೊಟ್ಟಿಗೆ ಬಿಟ್ಟು ಚಳಿಗಾಲದ ರಾತ್ರಿಯ ಗಾಳಿಗೆ ಆರಲು ಬಿಡುತ್ತಾರೆ. ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ, ಮರದ ಪೀಪಾಯಿಯಲ್ಲಿ ಇರುವ ಸೂಕ್ಷ್ಮಜೀವಿಗಳೇ ಬಂದು ಹುದುಗಿಸುತ್ತವೆ. ಜೇಡರ ಬಲೆಗಳನ್ನು ಗುಡಿಸುವುದಿಲ್ಲ, ನೊಣ ಹುಳಗಳನ್ನು ಜೇಡ ಹಿಡಿಯಲಿ ಅಂತ. ಒಂದರಿಂದ ಮೂರು ವರ್ಷ ಪೀಪಾಯಿಯಲ್ಲಿ ಕೊಳೆಯುತ್ತದೆ. ಕೊಳೆಯುತ್ತದೆ ಅಂತ ನಾನಂದೆ; ಅವರು ಮಾಗುತ್ತದೆ ಅನ್ನುತ್ತಾರೆ. ಲೋಕದ ರಸಿಕರು ಯಾತ್ರೆ ಹೋದ ಹಾಗೆ ಅಲ್ಲಿಗೆ ಹೋಗುತ್ತಾರೆ. ಜೇಡರಬಲೆಯ ಫೋಟೊ ತೆಗೆದುಕೊಳ್ಳುತ್ತಾರೆ.

ಈಚಲ ಮರದ ಗಡಿಗೆಗೂ ಯಾರೂ ಯೀಸ್ಟ್ ಹಾಕುವುದಿಲ್ಲ. ಮರದಿಂದ ಇಳಿಯುವ ಮೊದಲೇ ಅದು ಹುಳಿಯಲು ಶುರು. ಹೊತ್ತು ಹುಟ್ಟುವಾಗ ಸಿಹಿ, ಏರುಹೊತ್ತಿಗೆ ಸಿಹಿ-ಹುಳಿ, ಸಂಜೆಗೆ ಖಾರವಾದ ಹುಳಿ, ಮಾರನೇ ದಿನ ಇಟ್ಟರೆ ವಿನೆಗರ್. ಗಡಿಗೆಯ ಒಳಗೆ ಸುಣ್ಣ ಬಳಿದರೆ ಹುದುಗು ನಿಂತು ನೀರಾ ಆಗುತ್ತದೆ. ಇಷ್ಟೂ ತಿಳುವಳಿಕೆ ಈಡಿಗರ ಕೈಯಲ್ಲಿತ್ತು, ಯಾವ ಕೈಪಿಡಿಯಲ್ಲೂ ಇರಲಿಲ್ಲ. ಹೆಂಡವೂ ಲ್ಯಾಂಬಿಕ್ಕೂ ಒಂದೇ ಅಂತ ನಾನು ವಾದ ಮಾಡುವುದಿಲ್ಲ. ಅದು ಧಾನ್ಯದ್ದು, ಇದು ಮರದ ರಸ. ಅದಕ್ಕೆ ಹಾಪ್ಸ್ ಹೂವಿನ ಕಹಿ ಇದೆ, ಇದಕ್ಕಿಲ್ಲ. ಅದು ವರ್ಷ ತಾಳುತ್ತದೆ, ಇದು ದಿನ ತಾಳುವುದಿಲ್ಲ. ಆದರೆ ಕಾಡು ಹುದುಗಿನ ಹುಳಿ ಎರಡರಲ್ಲೂ ಇದೆ. ಅಲ್ಲಿ ಅದಕ್ಕೆ ಹೆಸರು ಪರಂಪರೆ. ಇಲ್ಲಿ ಅದಕ್ಕೆ ಹೆಸರು ನಾತ. ನಮ್ಮ ಶಿಷ್ಟ ಕಾದಂಬರಿಗಳಲ್ಲಿ ಕೇರಿಯ ಗಂಡಸು ಬಂದರೆ ಅವನಿಗಿಂತ ಮುಂಚೆ ಹೆಂಡದ ನಾತ ಬರುತ್ತದೆ, ಗಮನಿಸಿ ನೋಡಿ. ಮನುಷ್ಯನ ಪರಿಚಯವೇ ನಾತದಿಂದ. ಅವನು ಕುಡಿದದ್ದು ಬೆಳಗಿನದೋ ಸಂಜೆಯದೋ, ಈಚಲಿನದೋ ತೆಂಗಿನದೋ ಎಂಬ ವ್ಯತ್ಯಾಸ ಬರೆದವನ ಮೂಗಿಗೆ ತಿಳಿಯಲಿಲ್ಲ. ಮೂಗಿಗೆ ತರಬೇತಿ ಸಾಲದು ಅಂತ ಬಿಜೆಸಿಪಿ ಹಾಳೆಯಲ್ಲಿ ಬರೆದು ವಾಪಸ್ ಕಳಿಸಬಹುದಿತ್ತು.

ಇನ್ನು ಹೆಸರಿನ ವಿಷಯ. ಕೈಪಿಡಿಯಲ್ಲಿ ಭಾರತ ಇದೆಯೇ? ಇದೆ, ಬಹಳ ದೊಡ್ಡ ಅಕ್ಷರದಲ್ಲಿದೆ. ಕ್ರಾಫ್ಟ್ ಬಿಯರಿನ ರಾಜ ಅಂತ ಮೆರೆಯುವ ಬಗೆಯ ಹೆಸರೇ ಇಂಡಿಯಾ ಪೇಲ್ ಏಲ್, ಐಪಿಎ. ಹದಿನೆಂಟನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಎಂಬವನ ಬ್ರೂವರಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ತಿಳಿಬಣ್ಣದ, ಹಾಪ್ಸ್ ಜಾಸ್ತಿ ಹಾಕಿದ ಬಿಯರು ಕಲ್ಕತ್ತೆಗೆ, ಮದ್ರಾಸಿಗೆ ಬರುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಪ್ ಮುಂತಾದವರು ಆ ವ್ಯಾಪಾರಕ್ಕೆ ಇಳಿದರು. ಬರ್ಟನ್ನಿನ ಬಾವಿನೀರಿನಲ್ಲಿ ಜಿಪ್ಸಮ್ ಇದ್ದು ಕಹಿ ಚೊಕ್ಕಟವಾಗಿ ಬರುತ್ತಿತ್ತು. ಭಾರತಕ್ಕೆಂದೇ ಹೊಸದಾಗಿ ಕಂಡುಹಿಡಿದ ಬಿಯರು ಅಂತ ಹೋಟೆಲಿನ ಮೆನುಗಳಲ್ಲಿ ಕತೆ ಹೊಡೆಯುತ್ತಾರೆ, ಅದು ಸುಳ್ಳು. ಇಂಗ್ಲೆಂಡಿನಲ್ಲಿ ಮೊದಲೇ ಇದ್ದ ಬಗೆ ಅದು. ಆ ಹೆಸರು ಅಚ್ಚಾಗಿ ಸಿಗುವ ಹಳೆಯ ಜಾಗಗಳಲ್ಲೊಂದು 1829ರ ಸಿಡ್ನಿಯ ಒಂದು ಪತ್ರಿಕೆಯ ಜಾಹೀರಾತು. ಕುಡಿದವರು ಕಂಪನಿಯ ಸಾಹೇಬರು. ಪೀಪಾಯಿ ಇಳಿಸಿದವರು, ಹೊತ್ತವರು, ಲೋಟ ತೊಳೆದವರು, ಕುಡಿಯುವ ಸಾಹೇಬನಿಗೆ ಪಂಖಾ ಎಳೆದವರು ಯಾರು ಎಂಬುದು ಸ್ಟೈಲಿನ ಚರಿತ್ರೆಯಲ್ಲಿ ಬರುವುದಿಲ್ಲ. ಇಂಡಿಯಾ ಅನ್ನುವುದು ಅಲ್ಲಿ ದೇಶವಲ್ಲ, ಡೆಲಿವರಿ ವಿಳಾಸ.

ಹೀಗೆ ಮಾಡಿದವರ ಹೆಸರು ಅಳಿಸಿ ಕುಡಿದವರ ಹೆಸರು ಉಳಿಸುವುದು ಅಮೆರಿಕದಲ್ಲೂ ನಡೆದಿದೆ. ಅಲ್ಲಿನ ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್ ಒಳ್ಳೆಯ ಬಿಯರು ಮಾಡಿಸುತ್ತಿದ್ದ ಎಂದು ಬಿಯರಿನ ಅಭಿಮಾನಿಗಳು ಹೆಮ್ಮೆಪಡುತ್ತಾರೆ. ಮಾಡುತ್ತಿದ್ದವನು ಪೀಟರ್ ಹೆಮಿಂಗ್ಸ್, ಅವನ ಗುಲಾಮ. 1813ರ ಹೊತ್ತಿಗೆ ಒಬ್ಬ ಇಂಗ್ಲಿಷ್ ಬ್ರೂವರನಿಂದ ಕಲಿತು ಆಮೇಲೆ ತಾನೇ ಎಲ್ಲ ನಡೆಸಿದ. ಅವನು ಎಷ್ಟು ಜಾಣನೆಂದರೆ ನಿನ್ನ ಆಳನ್ನು ಕಳಿಸು, ಕಲಿಸಿಕೊಡುತ್ತಾನೆ ಎಂಬರ್ಥದಲ್ಲಿ 1820ರಲ್ಲಿ ಜೆಫರ್ಸನ್ ತನ್ನ ಗೆಳೆಯ ಮ್ಯಾಡಿಸನ್ನನಿಗೆ ಕಾಗದ ಬರೆದ. ಒಡೆಯ ಸತ್ತ ಮೇಲೆ, 1827ರಲ್ಲಿ ಮನೆಯ ಕುರ್ಚಿ ಮೇಜುಗಳನ್ನು ಹರಾಜು ಹಾಕುವಾಗ ಪೀಟರನನ್ನೂ ಹರಾಜು ಹಾಕಿದರು. ಬಿಡುಗಡೆ ಪಡೆದಿದ್ದ ಅವನ ಸಂಬಂಧಿಕನೊಬ್ಬ ಕೊಂಡು ಬಿಡಿಸಿಕೊಂಡ. ಕೊನೆಗಾಲದಲ್ಲಿ ದರ್ಜಿ ಕೆಲಸ ಮಾಡಿದ. ಇಷ್ಟೆಲ್ಲಾ ಆಗಿ ಇನ್ನೂರು ವರ್ಷದ ನಂತರವೂ ಅಮೆರಿಕದ ಕ್ರಾಫ್ಟ್ ಬ್ರೂವರಿಗಳ ಒಡೆತನ ಬಹುಪಾಲು ಬಿಳಿಯರದೇ. 1994ರಿಂದ ಬ್ರೂಕ್ಲಿನ್ ಬ್ರೂವರಿಯ ಮುಖ್ಯ ಬ್ರೂವರ್ ಆಗಿ ಹೆಸರು ಮಾಡಿದ ಗ್ಯಾರೆಟ್ ಆಲಿವರ್ ಕರಿಯ ಸಮುದಾಯದವನು. ಕರಿಯರು ಮತ್ತು ಅವಕಾಶ ಸಿಗದ ಇತರರು ಈ ಕಸುಬು ಕಲಿಯಲಿ ಎಂದು 2020ರಲ್ಲಿ ವಿದ್ಯಾರ್ಥಿವೇತನದ ಪ್ರತಿಷ್ಠಾನ ಕಟ್ಟಿದ. ಅದಕ್ಕಿಟ್ಟ ಹೆಸರು ಮೈಕೇಲ್ ಜಾಕ್ಸನ್ನನದು, ಆಗಲೇ ಹೇಳಿದ ಆ ಪತ್ರಕರ್ತನದು. ಪೀಟರ್ ಹೆಮಿಂಗ್ಸನದು ಯಾಕಾಗಬಾರದಿತ್ತು ಅಂತ ನನಗನ್ನಿಸಿತು. ಇರಲಿ, ಅದು ಅವರವರ ಲೆಕ್ಕ.

ಹೆಸರಿಗಾದರೂ ಭಾರತ ಕೈಪಿಡಿಯಲ್ಲಿದೆ. ರಾಗಿ ಎಲ್ಲಿದೆ? ಹುಡುಕಿದೆ. ಬಾರ್ಲಿ ಇರುವುದು ಮುಖ್ಯ ಮನೆಯಲ್ಲಿ, ಗೋಧಿಗೆ ಪಕ್ಕದ ಕೋಣೆ. ಹಿತ್ತಿಲ ಕಡೆ 31ನೇ ನಂಬರಿನಲ್ಲಿ ಒಂದು ಮನೆ: ಪರ್ಯಾಯ ಧಾನ್ಯದ ಬಿಯರು. ಕಿರುಧಾನ್ಯ, ಜೋಳ, ಅಕ್ಕಿ ಎಲ್ಲಾ ಅಲ್ಲೇ ಇರಬೇಕು. ಯಾವುದಾದರೂ ಗೊತ್ತಿರುವ ಬಗೆಯನ್ನು ಆಧಾರವಾಗಿಟ್ಟುಕೊಂಡು, ಅದರ ಮೇಲೆ ಈ ಧಾನ್ಯ ಏನು ಸೇರಿಸಿತು ಅಂತ ನೋಡಿ ಅಂಕ ಹಾಕುವುದು. ಪರ್ಯಾಯ! ಕೋಲಾರ, ತುಮಕೂರು, ಮಂಡ್ಯದ ಹೊಟ್ಟೆಗೆ ಸಾವಿರ ವರ್ಷದಿಂದ ಇರುವುದು ಅವರಿಗೆ ಪರ್ಯಾಯ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಹಿಟ್ಟು ಮಾಡುವುದು ಯಾವ ಅಜ್ಜಿಗೆ ಗೊತ್ತಿಲ್ಲ ಹೇಳಿ, ಅದೇ ಮಾಲ್ಟ್. ಫಿನ್ಲೆಂಡಿನ ರೈತರು ಮನೆಯಲ್ಲಿ ಮಾಡುವ ಸಾಹ್ತಿ ಎಂಬ ಬಿಯರಿಗೆ ಕೈಪಿಡಿಯಲ್ಲಿ ಸ್ವಂತ ಮನೆ ಕೊಟ್ಟಿದ್ದಾರೆ, ಸ್ವಂತ ಲಕ್ಷಣ ಬರೆದಿದ್ದಾರೆ, ಸಂತೋಷ. ಆಫ್ರಿಕಾದ ಹೆಂಗಸರು ಜೋಳದಲ್ಲಿ ಮಾಡುವ ಉಂಕೊಂಬೋತಿಗೆ ಅಂಥ ಮನೆ ಇಲ್ಲ.

ಉಂಕೊಂಬೋತಿಯ ಮಾತು ಬಂದಾಗ ನಿಲ್ಲಲೇಬೇಕು, ಅದರ ಚರಿತ್ರೆ ನಮ್ಮ ಚರಿತ್ರೆಯ ಅಣ್ಣತಮ್ಮ. ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ 1908ರ ಕಾನೂನಿನ ಮೇಲೆ ನಿಂತು ಮುನಿಸಿಪಾಲಿಟಿಯೇ ಈ ಬಿಯರನ್ನು ಮಾಡಿ ಮಾರುವ ಏಕಸ್ವಾಮ್ಯ ಪಡೆಯಿತು. ಮನೆಯಲ್ಲಿ ಮಾಡುವ ಹೆಂಗಸು ಅಪರಾಧಿಯಾದಳು. ಬಿಯರ್ ಹಾಲುಗಳಲ್ಲಿ ಕರಿಯರು ಕುಡಿದ ದುಡ್ಡಿನಿಂದಲೇ ಕರಿಯರನ್ನು ಹದ್ದುಬಸ್ತಿನಲ್ಲಿಡುವ ಆಡಳಿತ ನಡೆಯಿತು. ಈ ಪದ್ಧತಿ ಬೇರೆ ಊರುಗಳಿಗೂ ಹರಡಿತು. ಬಿಳಿಯರ ಮದ್ಯ ಕೊಳ್ಳಲು 1960ರ ದಶಕದ ಆರಂಭದವರೆಗೂ ಅವರಿಗೆ ಅಪ್ಪಣೆ ಇರಲಿಲ್ಲ. 1959ರ ಜೂನಿನಲ್ಲಿ ಕೇಟೊ ಮ್ಯಾನರಿನ ಹೆಂಗಸರು ಕೋಲು ಹಿಡಿದು ಬಿಯರ್ ಹಾಲಿಗೆ ನುಗ್ಗಿದರು. 1976ರ ಜೂನಿನಲ್ಲಿ ಸೊವೆಟೊದ ವಿದ್ಯಾರ್ಥಿಗಳು ದಂಗೆ ಎದ್ದಾಗ ಸುಟ್ಟ ಕಟ್ಟಡಗಳಲ್ಲಿ ಬಿಯರ್ ಹಾಲುಗಳೂ ಇದ್ದವು. ಅಪ್ಪಂದಿರನ್ನು ಅಲ್ಲಿ ಕೂರಿಸಿ ನಮ್ಮ ಸ್ಕೂಲನ್ನು ಕಸಿದಿರಿ ಅಂತ ಮಕ್ಕಳ ಸಿಟ್ಟು. ಹೆಂಡ ಬೇಡ ಶಾಲೆ ಬೇಕು ಅನ್ನುವುದನ್ನು ಕೋಲಾರದ ಹುಡುಗರು ಅವರಿಂದ ಕಲಿಯಲಿಲ್ಲ, ಅವರೂ ಇವರಿಂದ ಕಲಿಯಲಿಲ್ಲ. ಇಂಥ ಬಿಯರಿಗೆ ವಾಸನೆಗೆಷ್ಟು, ನೋಟಕ್ಕೆಷ್ಟು ಅಂತ ಅಂಕ ಹಾಕಲು ಯಾವ ಹಾಳೆ ಸಾಕಾದೀತು?

ಬೆಂಗಳೂರಿನಲ್ಲಿ 2010ರ ಆಸುಪಾಸಿನಿಂದ ಮೈಕ್ರೋಬ್ರೂವರಿಗಳು ಬಂದವು, ಈಗ ಹತ್ತಾರಿವೆ. ಅಲ್ಲಿ ರಾಗಿ ಹಾಕಿದ್ದು, ಬೆಲ್ಲ ಹಾಕಿದ್ದು, ಮಾವು ಹಾಕಿದ್ದು ಸಿಗುತ್ತದೆ. ನಾಲ್ಕು ಸಣ್ಣ ಲೋಟ ಹಲಗೆಯ ಮೇಲೆ ಜೋಡಿಸಿ ರುಚಿ ನೋಡಲು ತಂದಿಡುತ್ತಾರೆ. ದೊಡ್ಡ ಲೋಟ ಒಂದಕ್ಕೆ ಮುನ್ನೂರು ರೂಪಾಯಿ ದಾಟುವುದು ಸಾಮಾನ್ಯ. 2025–26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಒಂದು ದಿನದ ಕೂಲಿ 370 ರೂಪಾಯಿ ಅಂತ ನಿಗದಿಯಾಗಿತ್ತು. ರಾಗಿ ಬೆಳೆದವಳ ಒಂದು ದಿನ, ರಾಗಿ ಕುಡಿದವನ ಒಂದು ಲೋಟ. ಈ ಲೆಕ್ಕ ಸುಲಭವಾದದ್ದು, ಹೆಚ್ಚು ಎಳೆಯುವುದಿಲ್ಲ.

ತಜ್ಞರ ಹಾಳೆ ಬೇಡ, ಜನರೇ ಅಂಕ ಹಾಕಲಿ ಅನ್ನುವವರಿದ್ದಾರೆ. ಅದೂ ಆಗಿದೆ. 2000ದಲ್ಲಿ ಶುರುವಾದ ರೇಟ್‌ಬಿಯರ್ ಎಂಬ ಜಾಲತಾಣದಲ್ಲಿ ಲೋಕದ ಕುಡಿಯುವವರೆಲ್ಲಾ ಪುಕ್ಕಟೆಯಾಗಿ ಬರೆದರು. ಪಟ್ಟಿಯ ತುದಿಯಲ್ಲಿ ಕಪ್ಪಗೆ ದಪ್ಪಗೆ ಇರುವ, ಮದ್ಯಾಂಶ ಹತ್ತು ದಾಟುವ, ಸುಲಭಕ್ಕೆ ಸಿಗದ ದುಬಾರಿ ಸ್ಟೌಟುಗಳು. ತಳದಲ್ಲಿ ಕೂಲಿಕಾರರು ಕೆಲಸ ಮುಗಿಸಿ ಕುಡಿಯುವ ಅಗ್ಗದ ಲೈಟ್ ಲಾಗರ್. ಯಾವುದು ಎಲ್ಲರಿಗೂ ಸಿಗುತ್ತದೋ ಅದು ಕೀಳು. ಕೊನೆಗೆ ಲೋಕದ ಅತಿ ದೊಡ್ಡ ಬಿಯರ್ ಕಂಪನಿಯಾದ ಎಬಿ ಇನ್‌ಬೆವ್ ಮೊದಲು ಅದರ ಪಾಲು ಕೊಂಡಿತು, 2019ಕ್ಕೆ ಪೂರ್ತಿ ಕೊಂಡಿತು. 2025ರ ಫೆಬ್ರವರಿಯಲ್ಲಿ ತಾಣ ಮುಚ್ಚಿತು. ದೊಡ್ಡ ಕಂಪನಿಯ ವಿರುದ್ಧ ಎದ್ದವರ ನಾಲಿಗೆಯನ್ನು ದೊಡ್ಡ ಕಂಪನಿ ಕೊಂಡು ಬೀಗ ಹಾಕಿತು.

ಬಿಯರು ಮಾಡಿದ ಮೇಲೆ ಉಳಿಯುವ ಧಾನ್ಯದ ಹಿಪ್ಪೆ ಏನಾಗುತ್ತದೆ ಗೊತ್ತೆ? ಹಸುವಿಗೆ ಹೋಗುತ್ತದೆ. ಬೂಸಾ. ನನಗೆ ಈ ಪದ ಕಂಡರೆ ಬೇರೆ ಏನೂ ಕಾಣುವುದಿಲ್ಲ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಒಬ್ಬ ದಲಿತ ಮಂತ್ರಿ ಕನ್ನಡ ಸಾಹಿತ್ಯದ ರುಚಿ ನೋಡಿ ಒಂದು ಅಂಕ ಹಾಕಿದ್ದು, ಅಷ್ಟೇ. ತೀರ್ಪು ಒಪ್ಪದಿದ್ದರೆ ಎದುರು ಕೂತು ವಾದ ಮಾಡಬಹುದಿತ್ತು, ಬಿಯರಿನ ಮೇಜಿನಲ್ಲಿ ಮಾಡುವ ಹಾಗೆ. ಮಾಡಲಿಲ್ಲ. ಹಾಸ್ಟೆಲಿನ ದಲಿತ ಹುಡುಗರಿಗೆ ಹೊಡೆದರು, ಮಂತ್ರಿಗಿರಿ ಹೋಯಿತು. ಬಸವಲಿಂಗಪ್ಪ ಹೇಳಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇವತ್ತಿಗೂ ನಡೆಯುತ್ತದೆ. ಅವರು ಹೇಳಿದ ಮಾತಿಗಿಂತ ಅವರು ಕೂತ ಕುರ್ಚಿ ಹೆಚ್ಚು ಚುಚ್ಚಿತು ಅಂತ ನನ್ನ ಅಭಿಪ್ರಾಯ. ಲೋಟದಲ್ಲಿ ಇರಬೇಕಾದವನು ಮೇಜಿನ ಆಚೆ ಕಡೆ ಕೂತಿದ್ದ.

ನಮ್ಮ ಪದ್ಯಗಳಿಗೆ ಅಂಕ ಸಿಗಲಿಲ್ಲ ಅಂತಲ್ಲ. ಸಿಕ್ಕಿತು. ಯಾವ ಮನೆಯಲ್ಲಿ ಸಿಕ್ಕಿತು ನೋಡಿ. ಕನ್ನಡದಲ್ಲಿ ಸೊಗಡು ಅನ್ನುವ ಒಳ್ಳೆಯ ಪದ ಇದೆ. ಮಾಗಿ ಚಳಿಯಲ್ಲಿ ಅವರೆಕಾಯಿಗೆ ಇರುವ ಘಾಟು, ಬೇರೆ ಭಾಷೆಗೆ ತರಲಾಗದ್ದು. ವಿಮರ್ಶಕರು ಅದನ್ನು ಎತ್ತಿ ನಮ್ಮ ಹಣೆಗೆ ಅಂಟಿಸಿದರು. ಗ್ರಾಮೀಣ ಸೊಗಡು, ದಲಿತ ಸೊಗಡು, ಕೇರಿಯ ಭಾಷೆಯ ಸೊಗಡು. ವಾಸನೆಗೆ 12ಕ್ಕೆ 12. ಕೆಳಗಿನ ಮನೆಗಳಿಗೆ ಬಂದಾಗ ಶಿಲ್ಪ ಸಾಲದು, ಸಂಯಮ ಇಲ್ಲ, ಕಹಿ ಜಾಸ್ತಿ. ಐಪಿಎಯ ಕಹಿಯನ್ನು ಗುಣ ಅಂತ ಬರೆದುಕೊಂಡು ಸವಿಯುವ ಇದೇ ಓದುಗ ವರ್ಗಕ್ಕೆ ಪದ್ಯದ ಕಹಿ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಕವಿತೆಯನ್ನೂ 31ನೇ ಮನೆಯಲ್ಲಿಟ್ಟು, ನವ್ಯದ ಮೇಲೆ ಇದು ಏನು ಸೇರಿಸಿತು ಅಂತ ನೋಡಿದ್ದೇ ಆಯಿತು. ಮನೆ ಬದಲಾಯಿಸಿ ಕೊಡಿ ಅಂತ ಅರ್ಜಿ ಹಾಕುವುದರಲ್ಲಿ ನನಗೆ ಆಸಕ್ತಿ ಇಲ್ಲ. ಹೆಂಡಕ್ಕೆ ಲ್ಯಾಂಬಿಕ್ಕಿನ ಪಟ್ಟ ಕಟ್ಟಿಸಿ ಏನು ಮಾಡುವುದು? ಹಾಳೆಯ ಮೇಲ್ಗಡೆ, ಹೆಸರು ಬರೆಯುವ ಜಾಗದಲ್ಲಿ ನಮ್ಮವರ ಹೆಸರು ಬರಬೇಕು.

ಹಾಸ್ಟೆಲಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದ ಅಣ್ಣ ಒಬ್ಬ ಬೆಂಗಳೂರಿನ ಒಂದು ಬ್ರೂವರಿಯಲ್ಲಿ ಹಂಡೆ ತೊಳೆಯುತ್ತಾನೆ. ಹಂಡೆ ಅಂದರೆ ಸಾವಿರ ಲೀಟರಿನ ಉಕ್ಕಿನದು. ಬಿಸಿ ಹಿಪ್ಪೆಯನ್ನು ಸಲಿಕೆಯಲ್ಲಿ ಎಳೆದು ಹಾಕಿ, ಕಾಸ್ಟಿಕ್ ಸೋಡಾ ಬಿಟ್ಟು ಉಜ್ಜಿ, ನೀರು ಹಾಯಿಸಬೇಕು. ಕೈಗವಸು ಹರಿದರೆ ಚರ್ಮ ಸುಲಿಯುತ್ತದೆ. ಬಿ.ಎ. ಪಾಸಾದವನು, ಅಲ್ಲಿನವರಿಗೆ ಅದು ಗೊತ್ತಿಲ್ಲ, ಅವನೂ ಹೇಳಿಲ್ಲ. ಊರಿಗೆ ಬಂದಾಗ ಒಂದು ಬಾಟಲಿ ತಂದಿದ್ದ, ಸರಿಯಾಗಿ ಬಂದಿಲ್ಲ ಅಂತ ಮಾರದೆ ಬಿಟ್ಟಿದ್ದು. ನಾನು ಈ ಹಾಳೆಯನ್ನು ಅವನ ಮುಂದಿಟ್ಟು, ತುಂಬಣ್ಣ ನೋಡಾಣ ಅಂದೆ. ಮೊದಲು ನಕ್ಕ. ಆಮೇಲೆ ಓದಿದ, ಎರಡು ಸಲ ಓದಿದ. ಲೋಟ ಹಿಡಿದು ಮೂಸಿ ಬರೆಯೋಕೆ ಶುರು ಮಾಡಿದ. ದರ್ಜೆ ಅನ್ನುವ ಜಾಗವನ್ನು ಹಾಗೇ ಬಿಟ್ಟ. ವಾಸನೆ: ಮೆಕ್ಕೆಜೋಳದ ತೆನೆ ಬೇಯಿಸಿ ಬಸಿದ ನೀರು, 5. ನೋಟ: ಚೊಕ್ಕ ಅದೆ, ನೊರೆ ನಿಲ್ಲಾಕಿಲ್ಲ, 2. ರುಚಿ: ಮೊದಲು ಸಿಹಿ, ಕಹಿ ಹಿಂದಗಡೆ ಬತ್ತದೆ, ತಡ, 10. ಬಾಯಿ: ಎಳೆ ಬಾಳೆಕಾಯಿ ಸಿಪ್ಪೆ ಕಡಿದಂಗೆ ಒಗರು, 2. ಒಗರು ಅನ್ನುವ ಒಂದು ಪದಕ್ಕೆ ಕೈಪಿಡಿಯವರು ಅರ್ಧ ಪುಟ ತಗೊಂಡಿದ್ದಾರೆ ಅಂತ ನಾನು ತೋರಿಸಿದೆ. ಅವನು ತಲೆ ಎತ್ತಲಿಲ್ಲ. ಒಟ್ಟಾರೆ: 4. ಕೂಡಿ 23. ಮಾಡಿದವನಿಗೆ ಸಲಹೆ ಅನ್ನುವ ಕಡೆ ಬಹಳ ಹೊತ್ತು ಯೋಚನೆ ಮಾಡಿ ಬರೆದ: ಹಂಡೆ ಮುಚ್ಚಳ ತೆಗೆದು ಇನ್ನೂ ಅರ್ಧ ಗಂಟೆ ಜೋರಾಗಿ ಕುದಿಸಬೇಕಾಗಿತ್ತು, ಜೋಳದ ವಾಸನೆ ಹಬೇಲಿ ಹೋಗಿರೋದು, ಅವಸರ ಮಾಡವ್ರೆ.